ಮೆಟ್ಟಿಲಿಗೆ ಬೆನ್ನು ಹಾಕಿ

ಬೀದಿಯ ತುದಿಯಲ್ಲಿರುವ ಹೊಲಿಗೆ ಅಂಗಡಿಯವಳನ್ನು ಚಿಕ್ಕವರು, ದೊಡ್ಡವರು ಎಲ್ಲರೂ ಕರೆಯುವುದು ಟೈಲರಕ್ಕ ಎಂದೇ. ಇನ್ನೂ ಮಾತು ಕಲಿಯುವ ವಯಸ್ಸಿನಲ್ಲಿ ಬಂದ ಜ್ವರವೊಂದು ಅವಳ ಎಡಗಾಲಿನ ಶಕ್ತಿಯನ್ನೆಲ್ಲ ಹೀರಿಕೊಂಡು ಹೋಗಿತ್ತು. ಅಂದಿನಿಂದ ಊರುಗೋಲೇ ಜೊತೆ. ಬಲಗಾಲೊಂದರಲ್ಲೇ ಮಷಿನ್ ತುಳಿದು ಅಂಗಡಿ ಕಟ್ಟಿ ನಿಲ್ಲಿಸಿದಳು, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದಳು. ಬಾಯಿ ಮಾತ್ರ ಜೋರು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಂಡಸರಿಗೆ, “ಉಸಿರು ಬಿಡಿ ಸ್ವಾಮಿ, ಶರ್ಟು ಹಾಕ್ಕೊಂಡು ಊಟ ಮಾಡೋದು ಬೇಡ್ವಾ?” ಎನ್ನುತ್ತಾಳೆ.

ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಸಾಧು ಮನುಷ್ಯ. ಇರುವೆಗೂ ದಾರಿ ಬಿಡಪ್ಪಾ ಎಂದು ಬೇಡಿಕೊಂಡು ನಡೆಯುವಂಥವನು.

ಮದುವೆಯಾದ ಮೇಲೆ ಇಬ್ಬರೇ ಎಲ್ಲಿಗೂ ಹೋದದ್ದಿಲ್ಲ. ಕಿರಿ ಮಗಳನ್ನು ಗಂಡನ ಮನೆಗೆ ಕಳಿಸಿ, ಮನೆ ಬಿಕೋ ಎನ್ನತೊಡಗಿದಾಗ, ದೊಡ್ಡ ನಗರವೊಂದಕ್ಕೆ ಹೋಗಿಬರೋಣ ಎಂದು ಗಂಡನೇ ಬಾಯಿಬಿಟ್ಟ. ಸುದ್ದಿ ತಿಳಿದ ನಾದಿನಿ ಅಂಗಡಿಗೇ ಬಂದಳು.

“ಅತ್ತಿಗೆ, ಈ ಕಾಲಲ್ಲಿ ಹೋಗಿ ಏನು ನೋಡ್ತೀರಿ? ಎಲ್ಲ ಟೀವಿಲೇ ಬರುತ್ತಲ್ಲ.”

“ಕಾಲಲ್ಲಿ ಯಾರು ನೋಡ್ತಾರಮ್ಮಾ? ನನ್ನ ಕಣ್ಣು ಚೆನ್ನಾಗೇ ಇದೆ.”

ನಗರದಲ್ಲಿ ಲಾಡ್ಜ್‌ನವನೇ ಒಂದು ದಿನದ ಪ್ರವಾಸದ ಬಸ್ಸಿನಲ್ಲಿ ಸೀಟು ಹಿಡಿದುಕೊಟ್ಟ. ಬೆಳಗ್ಗೆ ಬಸ್ಸು ಹತ್ತುವಾಗಲೇ ಗಂಡ, ದಾರಿ ಬಿಟ್ಟು ನಿಂತವರಿಗೆಲ್ಲ “ಸಾರಿ, ಇವಳಿಗೆ ಕಾಲು ಸ್ವಲ್ಪ...” ಎಂದು ಕೈ ಮುಗಿಯುತ್ತಾ ಬಂದ. ಟೈಲರಕ್ಕ ಕೇಳಿಸಿಕೊಂಡಳು.

ಮೊದಲ ಜಾಗ ವಸ್ತುಸಂಗ್ರಹಾಲಯ. ನೆಲಕ್ಕೆ ಗೀರು ಬೀಳುತ್ತದೆ, ಕೋಲು ಕೌಂಟರಿನಲ್ಲಿಟ್ಟು ಹೋಗಿ ಎಂದು ಬಾಗಿಲಲ್ಲಿದ್ದ ಕಾವಲುಗಾರ ತಡೆದ.

“ಸಾರಿ ಸಾರ್, ನಾವು ಹೊರಗಡೇನೇ ಕೂತ್ಕೋತೀವಿ,” ಎಂದ ಗಂಡ.

“ನೀವು ಸುಮ್ನಿರಿ,” ಎಂದು ಟೈಲರಕ್ಕ ಮುಂದೆ ಬಂದಳು. “ಇದು ಕೋಲಲ್ಲ ಸ್ವಾಮಿ, ನನ್ನ ಕಾಲು. ನೀವು ನಿಮ್ಮದನ್ನ ಬಿಚ್ಚಿ ಕೌಂಟರಲ್ಲಿ ಇಡಿ, ನಾನೂ ಇಡ್ತೀನಿ.”

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಕಾವಲುಗಾರ ಪಕ್ಕಕ್ಕೆ ಸರಿದ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಯಾರೋ ಸೈನಿಕನ ಹಳೆಯ ಕೋಟಿತ್ತು. ಅದರ ಕಾಲರಿನ ಹೊಲಿಗೆ ನೋಡಲು ಅವಳು ಬಗ್ಗಿದ್ದಷ್ಟೆ, ಗೈಡು ಪೀಪಿ ಊದಿದ. ಎಲ್ಲರೂ ಬಸ್ಸಿಗೆ ಓಡಿದರು. ಕೆರೆಯ ತೂಗುಸೇತುವೆಯ ಹತ್ತಿರವೂ ಇದೇ ಕಥೆ. ಅವಳು ಅರ್ಧ ಸೇತುವೆ ದಾಟುವಷ್ಟರಲ್ಲಿ ಉಳಿದವರು ವಾಪಸ್ಸು ಬರುತ್ತಿದ್ದರು. ಎದುರಾದವರಿಗೆಲ್ಲ ಗಂಡನ ಸಾರಿ ನಡೆದೇ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ಗಡಿಯಾರದ ಗೋಪುರಕ್ಕೆ ಬಂದರು. ಒಳಗೆ ಸುತ್ತುಸುತ್ತಾಗಿ ಮೇಲೇರುವ ಕಲ್ಲಿನ ಮೆಟ್ಟಿಲು. ಎದುರುಬದುರಾಗಿ ಇಬ್ಬರು ಬಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಇಕ್ಕಟ್ಟು.

“ಅಮ್ಮಾ, ನೀವು ಬಸ್ಸಲ್ಲೇ ಇರಿ. ಮೇಲಿಂದ ಫೋಟೋ ತೆಗೆದು ತಂದು ತೋರಿಸ್ತೀವಿ,” ಎಂದ ಗೈಡು.

“ಹೂಂ ಹೂಂ, ಹಾಗೇ ಆಗ್ಲಿ. ಸಾರಿ, ನಮ್ಮಿಂದ ನಿಮಗ್ಯಾಕೆ ತೊಂದರೆ,” ಎಂದ ಗಂಡ.

ಟೈಲರಕ್ಕನ ಮುಖ ಕೆಂಪಗಾಯಿತು.

“ಬೆಳಗ್ಗೆಯಿಂದ ನನ್ನ ಪರವಾಗಿ ಎಷ್ಟು ಜನರ ಹತ್ರ ಸಾರಿ ಕೇಳಿದ್ರಿ? ನಾನು ಯಾರಿಗೆ ಏನು ಮಾಡಿದೀನಿ? ಯಾರ ತಲೆ ಒಡೆದಿದೀನಿ?”

“ಹಾಗಲ್ವೇ... ಜನ ಕಾಯ್ತಾರಲ್ಲಾ ಅಂತ.”

“ಕಾಯ್ಲಿ. ಮಗು ಆಗಿದ್ದಾಗಿಂದ ನಾನು ಕಾದಿಲ್ವಾ? ಶಾಲೆಯವರು ಪ್ರವಾಸ ಹೋದಾಗ ಅವರ ಊಟದ ಚೀಲ ಕಾಯ್ಕೊಂಡು ಕೂತೆ. ಅಕ್ಕಂದಿರು ಹೊಳೆಗೆ ಈಜೋಕೆ ಹೋದಾಗ ಅವರ ಬಟ್ಟೆ ಕಾಯ್ಕೊಂಡು ಕೂತೆ. ಎಲ್ಲರೂ ನನ್ನ ಕಾಲು ನೋಡಿ ಬುದ್ಧಿ ಹೇಳೋರೇ. ಇವತ್ತು ನಾನು ಯಾರ ಚೀಲಾನೂ ಕಾಯಲ್ಲ.”

ಗಂಡ ತಬ್ಬಿಬ್ಬಾದ. “ಹಾಗಾದ್ರೆ ನಾನೇ ಎತ್ಕೊಂಡು ಹತ್ತುತೀನಿ, ಬಾ,” ಎಂದು ಬೆನ್ನು ಬಗ್ಗಿಸಿದ.

“ಎತ್ಕೊಂಡು ಹೋದ್ರೆ ನೀವು ಹತ್ತಿದ ಹಾಗಾಯ್ತು. ಕೋಲು ಹಿಡ್ಕೊಂಡು ಹಿಂದೆ ಬನ್ನಿ, ಸಾಕು.”

ಹೀಗೆಂದವಳೇ ಮೆಟ್ಟಿಲಿಗೆ ಬೆನ್ನು ಹಾಕಿ ಕುಳಿತಳು. ಎರಡೂ ಅಂಗೈಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒತ್ತಿ, ಮೈಯನ್ನು ಮೇಲಕ್ಕೆತ್ತಿ ಕೂತಳು. ಮತ್ತೆ ಕೈ, ಮತ್ತೆ ಕಾಲು. ಎಡಗಾಲು ಜೊತೆಗೆ ತೆವಳಿಕೊಂಡು ಬಂತು. ಕೆಳಗಿನ ಮೆಟ್ಟಿಲಿನಲ್ಲಿ ಗಂಡ, ಬಿದ್ದರೆ ಹಿಡಿಯಲೆಂದು ಎರಡೂ ತೋಳು ಚಾಚಿ, ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು ಹಿಂಬಾಲಿಸಿದ.

ಬಸ್ಸಿನವರು ಒಬ್ಬೊಬ್ಬರಾಗಿ ದಾಟಿಕೊಂಡು ಮೇಲೆ ಹೋದರು, ನೋಡಿ ಮುಗಿಸಿ ಕೆಳಗೂ ಇಳಿದರು. ಒಬ್ಬ ಹುಡುಗಿ ಮೊಬೈಲು ಎತ್ತಿ ಹಿಡಿದಳು.

“ಫೋಟೋ ಆಮೇಲೆ ತೆಗಿಯಮ್ಮಾ, ಮೊದಲು ದಾರಿ ಬಿಡು,” ಎಂದಳು ಟೈಲರಕ್ಕ. ಹುಡುಗಿ ನಾಚಿ ಮೊಬೈಲು ಕೆಳಗಿಳಿಸಿದಳು.

ಅರ್ಧ ದಾರಿಯಲ್ಲಿ ಅವಳ ಉಸಿರು ಕಟ್ಟಿತು, ಅಂಗೈ ಸುಲಿದು ಉರಿಯತೊಡಗಿತು. ಗಂಡ ತನ್ನ ಕರವಸ್ತ್ರ ಹರಿದು ಎರಡೂ ಕೈಗೆ ಸುತ್ತಿದ. ವಾಪಸ್ಸು ಹೋಗೋಣ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡ. ಬದಲಿಗೆ, “ಸೀರೆ ಹರಿದಿದೆ ಕಣೇ,” ಎಂದ.

“ಹರಿದ್ರೆ ಹೊಲಿಯೋಳು ನಾನೇ ತಾನೆ?”

ಇಬ್ಬರಿಗೂ ನಗು ಬಂತು. ನಕ್ಕದ್ದರಿಂದ ಇನ್ನಷ್ಟು ಹೊತ್ತು ಕೂರಬೇಕಾಯಿತು.

ಕೊನೆಗೂ ತಲೆಯ ಮೇಲೆ ಬೆಳಕು ಕಾಣಿಸಿತು. ಗಂಡ ಕೋಲು ಕೊಟ್ಟ. ಅವಳು ಎದ್ದು, ಕಬ್ಬಿಣದ ಕಂಬಿ ಹಿಡಿದು ನಿಂತಳು. ಗಾಳಿ ಕೂದಲನ್ನೆಲ್ಲ ಕೆದರಿತು. ಕೆಳಗೆ ನೀರಿನ ಟ್ಯಾಂಕುಗಳು, ಒಣಹಾಕಿದ ಬಟ್ಟೆಗಳು, ಬಣ್ಣ ಬಿಟ್ಟ ಗೋಡೆಗಳು, ದೂರದಲ್ಲಿ ಧೂಳು ಮುಸುಕಿದ ಗುಡ್ಡ. ಅವಳು ಮೂಲೆಮೂಲೆಗೂ ಹೋಗಿ ನೋಡಿದಳು.

“ಅಷ್ಟೇನೂ ಚೆನ್ನಾಗಿಲ್ಲ ಅಲ್ವಾ?” ಎಂದಳು.

“ಇಲ್ಲ,” ಎಂದು ಒಪ್ಪಿಕೊಂಡ ಅವನು.

“ಚೆನ್ನಾಗಿಲ್ಲ ಅಂತ ನಾನೇ ನೋಡಿ ಹೇಳ್ಬೇಕಿತ್ತು. ಇನ್ನೊಬ್ಬರು ಹೇಳಿ ಗೊತ್ತಾಗೋದು ಸಾಕಾಗಿ ಹೋಗಿತ್ತು.”

ಆಗ ಗಂಡನ ಮೊಬೈಲು ಹೊಡೆದುಕೊಂಡಿತು. ಆ ಕಡೆ ಗೈಡು ಕೂಗಾಡುತ್ತಿದ್ದ. ಎಲ್ಲರಿಗೂ ತಡವಾಗುತ್ತಿದೆ, ಈಗಲೇ ಇಳಿಯದಿದ್ದರೆ ಬಸ್ಸು ಹೊರಡುತ್ತದೆ ಎಂದ. ಗಂಡ ಹೆಂಡತಿಯ ಕೈಗೆ ಸುತ್ತಿದ್ದ ಬಟ್ಟೆಯನ್ನೇ ನೋಡುತ್ತಿದ್ದ.

“ಹೊರಡಿ,” ಎಂದ. “ನಾವಿನ್ನೂ ನೋಡಿ ಮುಗಿಸಿಲ್ಲ.” ಫೋನು ಇಟ್ಟ.

ಟೈಲರಕ್ಕ ಹುಬ್ಬೇರಿಸಿದಳು. “ಸಾರಿ ಹೇಳೋದು ಮರೆತುಬಿಟ್ರಾ?”

“ಸ್ಟಾಕ್ ಖಾಲಿ.”

ಕೆಳಗೆ ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ಇಬ್ಬರೂ ಮೇಲಿಂದಲೇ ನೋಡಿದರು. ಅವಸರವಿಲ್ಲದೆ ಇಳಿದರು. ಯಾರನ್ನೋ ಕೇಳಿ ಸಿಟಿ ಬಸ್ಸು ಹಿಡಿದು, ಪ್ರವಾಸದ ಪಟ್ಟಿಯಲ್ಲಿ ಉಳಿದಿದ್ದ ಉದ್ಯಾನವನ್ನು ತಾವಾಗಿಯೇ ಹುಡುಕಿಕೊಂಡು ಹೋದರು. ಗೇಟಿನವನು ಮುಚ್ಚುವ ಹೊತ್ತಾಯಿತು ಎಂದ. “ಹಾಗಾದ್ರೆ ಬೇಗ ಒಳಗೆ ಬಿಡಿ,” ಎಂದಳು ಅವಳು. ದೀಪ ಹತ್ತುವವರೆಗೂ ಹುಲ್ಲಿನ ಮೇಲೆ ಕಾಲು ಚಾಚಿ ಕೂತು ಕಡಲೆಕಾಯಿ ತಿಂದರು.

ಊರಿಗೆ ಬಂದ ಮೇಲೆ ಕೆಲವು ದಿನ ಅವಳಿಗೆ ಕತ್ತರಿ ಹಿಡಿಯಲು ಆಗಲಿಲ್ಲ. ಹೇಳಿದ ದಿನ ಬಟ್ಟೆ ಸಿಗದೆ ಗಿರಾಕಿಯೊಬ್ಬರು ರೇಗಿದರು. “ಗೋಪುರ ಹತ್ತೋಕೆ ಹೋಗಿದ್ದೆ, ಕೈ ಸುಲಿದಿದೆ. ಮುಂದಿನ ವಾರ ಬನ್ನಿ,” ಎಂದಳು, ತಲೆ ಎತ್ತಿಯೇ.

ಈಗ ಮನೆಯಲ್ಲಿ ಬೆಟ್ಟವೊಂದರ ಮಾತು ನಡೆದಿದೆ. ಗಂಡ ಇನ್ನೂ ಹೂಂ ಅಂದಿಲ್ಲ. ಊಹೂಂ ಅನ್ನುವ ಧೈರ್ಯವನ್ನೂ ಮಾಡಿಲ್ಲ.