ಊರು ನಿಲ್ಲಿಸುವ ಅಧಿಕಾರ

ಲಗ್ನಪತ್ರಿಕೆ ಕೈಗೆ ಬಂದರೆ ಅದನ್ನು ಕೊನೆಯ ಸಾಲಿನವರೆಗೂ, ಅಂದರೆ ಮುದ್ರಣಾಲಯದ ಹೆಸರಿನವರೆಗೂ, ಓದುವ ಜಾತಿಯವನು ನಾನು. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯನ್ನಾಗಲಿ, ಬಸ್ಸಿನ ಮುಂದಿನ ಸೀಟಿನ ಬೆನ್ನಮೇಲೆ ಕೆತ್ತಿದ ಪ್ರೇಮಘೋಷಣೆಯನ್ನಾಗಲಿ ಅರ್ಧಕ್ಕೆ ಬಿಟ್ಟವನಲ್ಲ. ಆದ್ದರಿಂದ ಹೋದ ಬೇಸಗೆಯಲ್ಲಿ ನನ್ನ ಕಂಪ್ಯೂಟರಿನೊಳಗಿನ ಸಾಫ್ಟ್‌ವೇರು ತಾನು ಹೊಸ ಅವತಾರ ಎತ್ತಿರುವುದಾಗಿ ಸಾರಿ, ‘ಹೊಸ ಸೌಲಭ್ಯಗಳು’ ಎಂಬ ತಲೆಬರಹದಡಿ ಮಾರುದ್ದದ ಪಟ್ಟಿ ಮುಂದಿಟ್ಟಾಗ, ಜಗತ್ತಿನಲ್ಲಿ ಅದನ್ನು ಪೂರ್ತಿ ಓದಿದ ಏಕೈಕ ಮನುಷ್ಯ ನಾನೇ ಇರಬೇಕು. ಬರೆದವನೂ ಓದಿರಲಾರ.

ಅದು ಯಾವ ಸಾಫ್ಟ್‌ವೇರು ಎಂದು ಹೇಳದೆ ಮುಂದೆ ಹೋದರೆ ನೀವು ಬ್ಯಾಂಕಿನದೋ ಜಾತಕದ್ದೋ ಎಂದುಕೊಳ್ಳುತ್ತೀರಿ. ನನ್ನ ವೃತ್ತಿ ನೆಲವನ್ನು ಹೊಡೆದು ಅದು ಏನನ್ನುತ್ತದೆ ಎಂದು ಕೇಳುವುದು. ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಾರಿಸಿ ನೋಡುವುದಿಲ್ಲವೆ, ಹಾಗೆ. ಕಬ್ಬಿಣದ ಹಲಗೆಯೊಂದನ್ನು ನೆಲಕ್ಕಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದರೆ ನಡುಕ ಕೆಳಗಿಳಿದು, ಬಂಡೆಗೆ ತಾಗಿ, ಅದರ ಬೆನ್ನಮೇಲೆ ಓಡಿ ಮತ್ತೆ ಮೇಲೆ ಬರುತ್ತದೆ. ಸಾಲಾಗಿ ನೆಟ್ಟ ಯಂತ್ರದ ಕಿವಿಗಳು ಅದನ್ನು ಕೇಳಿಸಿಕೊಳ್ಳುತ್ತವೆ. ಒಂದೊಂದು ಕಿವಿಗೂ ಪರದೆಯ ಮೇಲೆ ಒಂದೊಂದು ಗೆರೆ. ನೆಟ್ಟಗೆ ಹೋಗುತ್ತಿದ್ದ ಗೆರೆ ಎಲ್ಲಿ ಮೊದಲು ಬೆಚ್ಚಿಬೀಳುತ್ತದೋ ಅಲ್ಲಿ ಗುರುತು ಹಾಕಿದರೆ ಗಟ್ಟಿ ಕಲ್ಲು ಎಷ್ಟು ಆಳದಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ನೀರಿನ ಟಾಕಿ, ಸೇತುವೆ, ಶಾಲೆ ಕಟ್ಟುವವರಿಗೆ ಈ ಲೆಕ್ಕ ಬೇಕು. ನಮ್ಮ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಗುಣದ್ದು. ಅದನ್ನು ನಂಬಿ ಕಟ್ಟಿದ ಗೋಡೆ ಹತ್ತು ವರ್ಷದಲ್ಲಿ ಬಿರುಕು ಬಿಟ್ಟು ನಕಾಶೆಯಾಗುತ್ತದೆ.

ಹಿಂದಿನವರಿಗೆ ಈ ತೊಂದರೆ ಇರಲಿಲ್ಲ. ಭೂಮಿಯನ್ನು ಎಂಟು ಆನೆಗಳು ಹೊತ್ತಿವೆ ಎಂಬ ಖಚಿತ ಮಾಹಿತಿ ಅವರಲ್ಲಿತ್ತು. ಸಾಲದ್ದಕ್ಕೆ ಗುಡಿ ಕಟ್ಟುವಾಗ ಮೇಲಿನಿಂದಲೂ ಆನೆ ತುಳಿಸಿ ಅಡಿಪಾಯ ಗಟ್ಟಿ ಮಾಡುತ್ತಿದ್ದರಂತೆ. ಕೆಳಗೂ ಆನೆ, ಮೇಲೂ ಆನೆ. ನಡುವೆ ಸಿಕ್ಕ ಮಣ್ಣು ಇನ್ನೇನು ಮಾಡೀತು? ಲಕ್ಷ್ಮೇಶ್ವರದ ಗುಡಿ ಒಂದೂ ಅಪ್ಡೇಟ್ ಇಲ್ಲದೆ ಇಂದಿಗೂ ನೆಟ್ಟಗೆ ನಿಂತಿದೆ. ನನ್ನ ಪಾಲಿಗೆ ಬಂದದ್ದು ಮಾತ್ರ ಯಂತ್ರದ ಕಿವಿಗಳ ಒಂದು ಪೆಟ್ಟಿಗೆ, ಒಂದು ಸುತ್ತಿಗೆ. ನಮ್ಮ ಜಿಲ್ಲೆ ಧಾರವಾಡದಿಂದ ಬೇರೆಯಾದ ಆಸುಪಾಸಿನಲ್ಲೇ ನಾನು ಗದುಗಿನ ಎರಡು ಕೋಣೆಯ ಕಚೇರಿಯಲ್ಲಿ ಈ ಕೆಲಸಕ್ಕೆ ಕೂತೆ. ಯೋಚಿಸಿದರೆ ಜಿಲ್ಲೆಯೂ ಒಂದು ಅಪ್ಡೇಟೇ: ಬೋರ್ಡು ಹೊಸದು, ರಸ್ತೆಯ ತಗ್ಗುಗಳು ಹಳೆಯವು, ಬಳಕೆದಾರರು ಒಟ್ಟಿನಲ್ಲಿ ಸುಖಿಗಳು.

ಪಟ್ಟಿಗೆ ಬರುತ್ತೇನೆ. ಹಿಂದೆ ನೆಲದ ಚಿತ್ರವನ್ನು ನಾಲ್ಕು ಬಣ್ಣಗಳಲ್ಲಿ ಮುಗಿಸುತ್ತಿದ್ದೆವು. ಹೊಸ ಅವತಾರವು ಸೀರೆ ಅಂಗಡಿಯವನ ಹಾಗೆ ಮಡಿಕೆಯ ಮೇಲೆ ಮಡಿಕೆ ಬಿಚ್ಚಿ ಹಾಸುತ್ತದೆ. ಎರೆಮಣ್ಣು ಕಪ್ಪಗಿರುತ್ತದೆ ಎಂದು ನಂಬಿಕೊಂಡಿದ್ದವನಿಗೆ ಅದನ್ನು ನವಿಲುಬಣ್ಣದಲ್ಲಿ ನೋಡುವ ಭಾಗ್ಯ. ಇನ್ನು ಗೆರೆ ಬೆಚ್ಚುವ ಜಾಗವನ್ನು ಸಾಫ್ಟ್‌ವೇರು ತಾನೇ ಗುರುತಿಸುತ್ತದೆ. ಅಷ್ಟೇ ಅಲ್ಲ, ತನ್ನ ಗುರುತಿನ ಮೇಲೆ ತನಗೆಷ್ಟು ಭರವಸೆ ಎಂಬುದನ್ನೂ ಪಕ್ಕದಲ್ಲಿ ನಮೂದಿಸುತ್ತದೆ. ಮನುಷ್ಯರಿಗೆ ಈ ಸೌಲಭ್ಯ ಇನ್ನೂ ಬಂದಿಲ್ಲ. ನಮ್ಮಲ್ಲಿ ಗೊತ್ತಿಲ್ಲದವನ ದನಿಯಲ್ಲೇ ಭರವಸೆ ಹೆಚ್ಚು. ಉದಾಹರಣೆಗೆ ನಾನು ದೂರ ಹೋಗಬೇಕಾಗಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇವೆರಡೂ ಅಲ್ಲ. ಪಟ್ಟಿಯ ನಡುವೆ ಸದ್ದಿಲ್ಲದೆ ಕೂತಿದ್ದ ಒಂದು ಸಾಲು: ಹೆಜ್ಜೆ, ವಾಹನ, ಪಂಪು, ಗಾಳಿ ಮುಂತಾದವುಗಳ ಗದ್ದಲವನ್ನು ಇನ್ನು ಮುಂದೆ ತಾನೇ ತೆಗೆದುಹಾಕುವುದಾಗಿ. ಬೆಟಗೇರಿಯ ನಮ್ಮ ಮನೆಯ ಹಿತ್ತಲಿನಲ್ಲೇ ಪರೀಕ್ಷೆ ಮಾಡಿದೆ. ಪಕ್ಕದ ಮನೆಯಲ್ಲಿ ಮಗ್ಗ ನಡೆದಿತ್ತು. ಗುಂಡಿ ಒತ್ತಿದೆ. ಪರದೆಯ ಮೇಲೆ ಮಗ್ಗ ನಿಂತಿತು. ಕಿವಿಯಲ್ಲಿ ನಡೆದೇ ಇತ್ತು. ಇದು ನಿಜವಾಗಿಯೂ ದೊಡ್ಡ ವಿದ್ಯೆ. ಮುಂಡರಗಿ ಕಡೆಯ ಗುಡ್ಡದ ಗಾಳಿಯಂತ್ರಗಳ ಗೊಣಗಾಟವನ್ನು ಗೆರೆಗಳಿಂದ ಹೆಕ್ಕಿ ತೆಗೆಯಲು ನಾನು ವಾರಗಟ್ಟಲೆ ಕಣ್ಣು ಸವೆಸಿದ್ದೆ. ಮೆಚ್ಚಿದೆ. ಮೆಚ್ಚಿದ ಮರುಗಳಿಗೆಯೇ ಹೊಳೆಯಿತು: ಹಾಗಾದರೆ ಇನ್ನು ಯಾರೂ ಸುಮ್ಮನೆ ನಿಲ್ಲಬೇಕಾಗಿಲ್ಲ.

ಇದರ ಗಾಂಭೀರ್ಯ ನಿಮಗೆ ತಿಳಿಯಬೇಕಾದರೆ ನನ್ನ ಸಾಮಾಜಿಕ ಸ್ಥಾನಮಾನ ತಿಳಿಯಬೇಕು. ಮನೆಯಲ್ಲಿ ನನ್ನ ಮಾತಿಗೆ ಬೆಕ್ಕೂ ನಿಲ್ಲುವುದಿಲ್ಲ. ಆದರೆ ಸುತ್ತಿಗೆ ಬೀಳುವ ಆ ಒಂದು ಗಳಿಗೆ ಸುತ್ತಮುತ್ತ ಯಾರೂ ಹೆಜ್ಜೆ ಎತ್ತಬಾರದು. ಎತ್ತಿದರೆ ಆ ಹೆಜ್ಜೆಯೇ ಗೆರೆಯಲ್ಲಿ ಬಂದು ಕೂರುತ್ತದೆ. ಆದ್ದರಿಂದ ನಾನು ಕೈಯೆತ್ತಿ, “ಯಾರೂ ಅಲ್ಲಾಡಬ್ಯಾಡ್ರೀ!” ಎಂದು ಕೂಗುತ್ತಿದ್ದೆ. ಊರು ನಿಲ್ಲುತ್ತಿತ್ತು. ಸುತ್ತಿಗೆ ಬೀಳುತ್ತಿತ್ತು. ನಾನು “ಆತು” ಎಂದ ಮೇಲೆ ಊರು ಮತ್ತೆ ನಡೆಯುತ್ತಿತ್ತು. ಕೋಟುಮಚಗಿಯಲ್ಲಿ ಒಬ್ಬ ಹಿರಿಯರು ಆಕಳಿಕೆಯನ್ನು ಅರ್ಧಕ್ಕೆ ತಡೆದು, ಬಾಯಿ ತೆರೆದುಕೊಂಡೇ ನಿಂತು, ನಾನು ಬಿಟ್ಟ ಮೇಲೆ ಉಳಿದರ್ಧ ಪೂರೈಸಿದರು. ಹಮ್ಮಿಗಿಯ ಹೊಳೆದಂಡೆಯಲ್ಲಿ ಇಬ್ಬರು ಜಗಳದ ನಡುವೆ ಎತ್ತಿದ ಬೆರಳು ಎತ್ತಿದಂತೆಯೇ ನಿಂತರು. ಬಿಡುಗಡೆಯಾದ ಮೇಲೆ ಜಗಳ ಎಲ್ಲಿಗೆ ಬಂದಿತ್ತು ಎಂಬುದು ಇಬ್ಬರಿಗೂ ನೆನಪಾಗದೆ, ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದರು. ಮಹಾರಾಜರು ಡಂಗುರ ಸಾರಿಸಿದಾಗಲೂ ಪ್ರಜೆಗಳು ಆಕಳಿಕೆ ತಡೆದ ದಾಖಲೆಯನ್ನು ನಾನು ಕಂಡಿಲ್ಲ. ಅಂಥ ಅಧಿಕಾರವನ್ನು ಒಂದು ಗುಂಡಿ ನುಂಗಿತು.

“ಚಲೋನ ಆತಲ್ರಿ ಸರ್, ನಿಮ್ಮ ಗಂಟಲಾ ಉಳೀತು” ಎಂದಳು ಶಿವಲೀಲಾ. ಅವಳು ನನ್ನ ಕಚೇರಿಯ ಕಿರಿಯ ಸಹೋದ್ಯೋಗಿ. ಕಂಪ್ಯೂಟರಿನ ಮುಂದೆ ಕೂತರೆ ನಾನು ಒಂದು ಗೆರೆಗೆ ಗುರುತು ಹಾಕುವಷ್ಟರಲ್ಲಿ ಇಡೀ ಹೊಲವನ್ನು ಮುಗಿಸುವವಳು. ಸುತ್ತಿಗೆ ಹೊಡೆಯುವ ಲಕ್ಷ್ಮೇಶ್ವರದ ದಾವಲ್‌ಸಾಬ ಮಾತ್ರ ನನ್ನ ಪರ. “ಸುಮ್ನ ನಿಂತ ಮಂದಿ ಮುಂದ ಹೊಡಿಯೂದಕ್ಕ ಒಂದ ಗತ್ತ ಇರ್ತೈತ್ರಿ. ಗದ್ದಲದಾಗ ಹೊಡದ್ರ ರಸ್ತೆ ರಿಪೇರಿಯವಂಗೂ ನನಗೂ ಏನ್ ಫರಕ?” ಎಂದ.

ಮೂವರೂ ಶಿರಹಟ್ಟಿ ಹತ್ತಿರದ ಒಂದು ಹಳ್ಳಿಗೆ ಹೋದೆವು. ಅಲ್ಲಿಯ ಶಾಲೆಯ ಗೋಡೆಗಳು ಮೇಲೆ ಹೇಳಿದಂತೆ ನಕಾಶೆಯಾಗಿದ್ದವು. ಹೊಸ ಶಾಲೆಗೆ ಎರಡು ಜಾಗ ಬಂದಿದ್ದವು. ಬಸ್ ನಿಲ್ದಾಣದ ಪಕ್ಕದ್ದು ಗೌಡರದು. ಊರ ಅಂಚಿನದು ಹುಸೇನಬಿ ಎಂಬ ಮುದುಕಿಯದು. ಆಕೆಯ ಯಜಮಾನರು ಹತ್ತಿ ವ್ಯಾಪಾರ ಮಾಡಿದವರು. ನಾಲ್ಕನೆಯ ತರಗತಿಯವರೆಗೆ ಅದೇ ಶಾಲೆಯಲ್ಲಿ ಓದಿ, ಸಾಯುವ ಮುಂಚೆ ಆ ಹೊಲ ಶಾಲೆಗೇ ಆಗಲಿ ಎಂದಿದ್ದರು. ನೆಲ ಒಪ್ಪಿದರೆ ಆ ಮಾತು ಉಳಿಯುತ್ತದೆ, ಒಪ್ಪದಿದ್ದರೆ ಇಲ್ಲ. ಹಿಂದಿನ ತಿಂಗಳು ಹಳೆಯ ಸಾಫ್ಟ್‌ವೇರಿನ ಕಾಲದಲ್ಲಿ ಗೌಡರ ಹೊಲ ನೋಡಿಯಾಗಿತ್ತು. ಊರಿಗೆ ಊರೇ ಉಸಿರು ಹಿಡಿದು ನಿಂತಿತ್ತು. ಮಣ್ಣು ಬಲು ಆಳ, ಕಲ್ಲು ಪಾತಾಳದಲ್ಲಿ. ಶಾಲೆಗೆ ಆಗದು ಎಂದಿದ್ದೆ. ಗೌಡರು ಮೀಸೆ ನೇವರಿಸಿ, “ನೆಲಾನ ಒಲ್ಲೆ ಅಂದ ಮ್ಯಾಗ ನಾವ್ಯಾರ್ರಿ?” ಎಂದು ಒಪ್ಪಿದ್ದರು.

ಈ ಸಲ ಹುಸೇನಬಿಯ ಹೊಲದಲ್ಲೂ ಜನ ಸೇರಿದರು. ಹಲಗೆ ಇಟ್ಟದ್ದೇ ತಡ, ಅಭ್ಯಾಸಬಲದಿಂದ ಹೆಂಗಸರು ಕೊಡ ಇಳಿಸಿ ಸಜ್ಜಾದರು. ಶಿವಲೀಲಾ ನಗುತ್ತ, “ನಿಲ್ಲೂದ ಬ್ಯಾಡ್ರಿ, ನಿಮ್ಮ ನಿಮ್ಮ ಕೆಲಸಾ ಮಾಡ್ಕೊಳ್ರಿ. ಈಗ ಅದ ಎಲ್ಲಾ ಸೋಸಿ ತೆಗೀತೈತಿ” ಎಂದಳು. ಜನ ಸ್ವಲ್ಪ ಹೊತ್ತು ನಂಬದೆ ನಿಂತು, ಆಮೇಲೆ ನಂಬಿ, ಎಲೆಯಡಿಕೆ ಬಿಚ್ಚಿದರು. ಟ್ರ್ಯಾಕ್ಟರೊಂದು ಪಕ್ಕದಲ್ಲೇ ಹಾಡು ಹಾಕಿಕೊಂಡು ಹೋಯಿತು. ದಾವಲ್‌ಸಾಬ ರಸ್ತೆ ರಿಪೇರಿಯವನ ಮುಖ ಮಾಡಿಕೊಂಡು ಹೊಡೆದ. ಊಟದ ಹೊತ್ತಿಗೆ ಮುಂಚೆಯೇ ನವಿಲುಬಣ್ಣದ ಚಿತ್ರ ತಯಾರು: ಮಣ್ಣು ತೆಳು, ಕಲ್ಲು ಹತ್ತಿರ, ಶಾಲೆಗೆ ಹೇಳಿಮಾಡಿಸಿದ ಜಾಗ. ಕುತೂಹಲ ಉಳಿಸಿಕೊಂಡು ಬರೆಯುವ ಕಲೆ ನನಗಿಲ್ಲವಾದ್ದರಿಂದ ಈಗಲೇ ಹೇಳಿಬಿಡುತ್ತೇನೆ, ಆ ಫಲಿತಾಂಶ ಸರಿಯಾಗಿಯೇ ಇತ್ತು.

ಸುದ್ದಿ ಹೇಳಿದರೆ ಯಾರೂ ಹಿಗ್ಗಲಿಲ್ಲ. ಗೌಡರ ಕಡೆಯವನೊಬ್ಬ, “ಇಂಥಾ ಗದ್ದಲದಾಗ ಅದಕ್ಕೇನ್ ಕೇಳಿಸ್ತ್ರಿ? ನಮ್ಮ ಹೊಲದಾಗ ಇರವಿ ಸೈತ ಅಲ್ಲಾಡಿದ್ದಿಲ್ಲ” ಎಂದ. ಶಿವಲೀಲಾ ಸೋಸುವ ವಿದ್ಯೆಯನ್ನು ಹಿಟ್ಟಿನ ಜರಡಿಯ ಉಪಮೆ ಕೊಟ್ಟು ಚೆನ್ನಾಗಿಯೇ ವಿವರಿಸಿದಳು. ಎಲ್ಲರೂ ತಲೆಯಾಡಿಸಿದರು. ಯಾರೂ ಒಪ್ಪಲಿಲ್ಲ.

ನಾನು ಹುಸೇನಬಿಯಾದರೂ ಸಂತೋಷಪಟ್ಟಾಳೆಂದು ಅತ್ತ ತಿರುಗಿದೆ. ಆಕೆ ಕೊಡೆಯ ತುದಿಯಿಂದ ನೆಲ ಕೆರೆಯುತ್ತಿದ್ದಳು.

“ಸಾಹೇಬ್ರ, ಗೌಡ್ರ ಹೊಲಕ್ಕ ಊರೆಲ್ಲಾ ನಿಂತಿತ್ತು. ನಾನೂ ನಿಂತಿದ್ನಿ, ಈ ಮೊಣಕಾಲ ಇಟ್ಕೊಂಡು. ನಮ್ಮ ಹೊಲಕ್ಕ ಮಂದಿ ಎಲಿ ತಿಂದು ಉಗುಳಿದ್ರು.”

“ಆಯಿ, ಈಗ ನಿಲ್ಲೂ ಜರೂರೇ ಇಲ್ಲ. ಮಷೀನ್ ಸುಧಾರಿಸೈತಿ” ಎಂದೆ.

“ಮಷೀನ್ ಸುಧಾರಿಸ್ಲಿ. ನಾಳೆ ಗ್ವಾಡಿಗೆ ಒಂದ ಎಳಿ ಬಿರುಕ ಬಿಟ್ರ ‘ಹುಸೇನಬಿ ಹೊಲಾ ಗದ್ದಲದಾಗ ಪಾಸ ಆತು’ ಅಂತಾರ. ನಮ್ಮ ಮನಿಯವ್ರ ಹೆಸರಾ ಐತ್ರಿ ಅದರಾಗ. ಮತ್ತೊಮ್ಮೆ ಮಾಡ್ರಿ.”

ಕೊನೆಯ ಸಾಲಿನವರೆಗೂ ಓದಿದ ಆ ಪಟ್ಟಿಯಲ್ಲಿ ಇಂಥ ಅಹವಾಲಿಗೆ ಸೌಲಭ್ಯವೇ ಇರಲಿಲ್ಲ. ಆಕೆ ಕೇಳಿದ್ದು ಕಲ್ಲಿನ ಆಳವನ್ನಲ್ಲ. ಒಂದು ಊರು ಒಬ್ಬರ ಹೊಲಕ್ಕೆ ಕೊಟ್ಟ ಮರ್ಯಾದೆಯನ್ನು ಇನ್ನೊಬ್ಬರ ಹೊಲಕ್ಕೂ ಕೊಡಬೇಕಲ್ಲ. ನಾನು ಶಿವಲೀಲಾಳ ಮುಖ ನೋಡಿದೆ. ಅವಳು ಯಂತ್ರದ ಕಿವಿಗಳ ಕೇಬಲ್ಲನ್ನು ಮತ್ತೆ ಸರಿಪಡಿಸತೊಡಗಿದಳು. ಎದೆಯುಬ್ಬಿಸಿ, ಕೈಯೆತ್ತಿ, ಮೂರು ವಾರಗಳ ನಿವೃತ್ತಿಯ ನಂತರ, ಕೂಗಿದೆ.

“ಯಾರೂ ಅಲ್ಲಾಡಬ್ಯಾಡ್ರೀ!”

ಊರು ನಿಂತಿತು. ಗೆರೆಗೆ ಗುರುತು ಹಾಕುವ ಕೆಲಸ ಯಂತ್ರದ್ದಾಗಿದ್ದರಿಂದ ನನಗೆ ಪರದೆ ನೋಡುವ ಕೆಲಸವಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ನಾನು ನಿಲ್ಲಿಸಿದ ಜನರನ್ನು ಕಣ್ಣೆತ್ತಿ ನೋಡಿದೆ. ಬೈಕಿನವನು ಎಂಜಿನ್ ಆರಿಸಿ ಎರಡೂ ಕಾಲು ಊರಿ ನಿಂತಿದ್ದ. ಒಬ್ಬಾಕೆಯ ಸೊಂಟದ ಕೊಡದ ಬಾಯಲ್ಲಿ ನೀರೂ ಅಲುಗುತ್ತಿರಲಿಲ್ಲ. ಗೌಡರು ಒಂದು ಕಾಲನ್ನು ಚಪ್ಪಲಿಯಿಂದ ಅರ್ಧ ಹೊರಗೆ ತೆಗೆದಿದ್ದವರು, ಇನ್ನರ್ಧ ತೆಗೆಯಲೂ ಆಗದೆ ಒಳಗಿಡಲೂ ಆಗದೆ ಕೊಕ್ಕರೆಯಂತೆ ನಿಂತಿದ್ದರು. ಒಂದು ಎಮ್ಮೆ ಮಾತ್ರ ಸಹಕರಿಸಲಿಲ್ಲ. ಅದಕ್ಕಾಗಿಯೇ ಹೊಸ ಸೌಲಭ್ಯವಿತ್ತು. ಹುಸೇನಬಿ ನಡುವೆ ನಿಂತು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿಕೊಂಡು ಬರುತ್ತಿದ್ದಳು, ಹಬ್ಬದ ದಿನ ಉಂಡವರನ್ನು ನೋಡುವ ಹಾಗೆ. ದಾವಲ್‌ಸಾಬ ತನ್ನ ಹಳೆಯ ಗತ್ತಿನಲ್ಲಿ ಸುತ್ತಿಗೆ ಇಳಿಸಿದ.

ನಾನು “ಆತು” ಎನ್ನಬೇಕಿತ್ತು. ನೋಡುತ್ತ ಮರೆತೆ.

“ಸಾಹೇಬ್ರ, ಆತೋ ಇಲ್ಲೋ?” ಎಂದ ದಾವಲ್‌ಸಾಬ. “ಮಂದಿ ಒಣಗಾಕ ಹತ್ಯಾರ.”

“ಇರ್ಲಿ ಬಿಡ್ರಿ” ಎಂದಳು ಹುಸೇನಬಿ. “ಇನ್ನೊಂದೀಟ ನಿಂದರ್ಲಿ.”

ಗೌಡರು ಒಂಟಿಗಾಲಿನಲ್ಲೇ, “ಚಾಚಿ, ಸಾಲಿ ಕಟ್ಟೂತನಾ ಹಿಂಗ ನಿಂದ್ರಸ್ತಿ ಏನ? ಆತು, ಒಪ್ಪಿದ್ವಿ, ನಿನ್ನ ಹೊಲಾನ ಸೈ. ನನ್ನ ಕಾಲ ಬಿಡಸ!” ಎಂದರು.

ನಗೆ ಎದ್ದಿತು. ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಿತು. ಜನ ಮೈ ಬಗ್ಗಿಸಿ, ನೆಲ ತುಳಿದು ನಕ್ಕರು. ಪರದೆಯ ಮೇಲೆ ಅಷ್ಟೂ ಗೆರೆಗಳು ಒಮ್ಮೆಲೇ ಕುಣಿಯತೊಡಗಿದವು. ಸಾಫ್ಟ್‌ವೇರು ಕೂಡಲೇ ಎಚ್ಚೆತ್ತು, ಇದು ಗದ್ದಲವೆಂದು ತನಗೆ ಪೂರ್ತಿ ಭರವಸೆಯಿದೆ, ತೆಗೆದುಹಾಕಲೇ ಎಂದು ವಿನಯದಿಂದ ಕೇಳಿತು. ನಾನು ‘ಬೇಡ’ ಎಂಬಲ್ಲಿ ಒತ್ತಿದೆ.

“ಸರ್, ಕಂಪ್ಯೂಟರದಾಗ ಸುಮ್ನ ಜಾಗಾ ತಿಂತೈತ್ರಿ ಅದು” ಎಂದಳು ಶಿವಲೀಲಾ, ತಾನೂ ಕಣ್ಣೊರೆಸಿಕೊಳ್ಳುತ್ತ.

ತಿನ್ನಲಿ ಎಂದೆ.