ಡೇರಿ ಅಕ್ಕನ ಮನೆಯ ನಿಶ್ಚಿತಾರ್ಥ

ನಮ್ಮೂರು ಹನಗೋಡಿನ ಹಾಲಿನ ಡೇರಿ ನೋಡಿಕೊಳ್ಳುತ್ತಿದ್ದ ಅಕ್ಕ ಪ್ರತಿ ಕ್ಯಾನನ್ನೂ ಮೂಸಿ ನೋಡುತ್ತಲೇ, ‘ಬಿರ್ನೆ ಬನ್ರವ್ವ, ಆಲು ಕೆಡ್ತದೆ’ ಎಂದು ಎಲ್ಲರನ್ನೂ ಅವಸರಪಡಿಸುತ್ತಿದ್ದರು.

ಅವರ ಮಗಳ ನಿಶ್ಚಿತಾರ್ಥದ ದಿನ ಕರೆಂಟು ಹೋಗಿ, ಡೇರಿಯ ಜನರೇಟರೂ ಕೈಕೊಟ್ಟಿತು. ತಣ್ಣಗಿಡುವ ಟ್ಯಾಂಕಿನಲ್ಲಿ ಊರವರೆಲ್ಲರ ಬೆಳಗಿನ ಹಾಲಿತ್ತು. ಸುದ್ದಿ ತಿಳಿದ ಅಕ್ಕ ತಾಂಬೂಲದ ತಟ್ಟೆಯನ್ನು ಪಕ್ಕದಲ್ಲಿದ್ದ ನನ್ನ ಕೈಗಿಟ್ಟು, ಬೀಗರತ್ತ ತಿರುಗಿ, ‘ತಪ್ಪು ತಿಳ್ಕಬ್ಯಾಡಿ, ನಾ ಡೇರಿಗೆ ಓಗ್ಲೇಬೇಕು, ಊರ ಆಲು ಕೆಡ್ತದೆ’ ಎಂದು ಕಣ್ಣು ತುಂಬಿಕೊಂಡರು.

ಹುಡುಗನ ತಾಯಿ ಎದ್ದು ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ನಮ್ಮನೇಲೂ ಎಮ್ಮೆ ಅವೆ ಕಣ್ರವ್ವ, ನಡೀರಿ.’

ಬೀಗರೆಲ್ಲ ಸೇರಿ ಹಾಲನ್ನು ಕ್ಯಾನುಗಳಿಗೆ ತುಂಬಿ, ತಾವು ಬಂದಿದ್ದ ಟೆಂಪೋದಲ್ಲೇ ಹುಣಸೂರಿನ ಶೀತಲ ಕೇಂದ್ರಕ್ಕೆ ಮುಟ್ಟಿಸಿದರು. ಹಾಲು ಕೆಡಲಿಲ್ಲ. ತಾಂಬೂಲ ಬದಲಾಯಿಸಿಕೊಳ್ಳುವಾಗ ಸಂಜೆಯಾಗಿತ್ತು.

ಅಕ್ಕ ಮಗಳ ತಲೆ ಸವರಿ, ‘ಒಳ್ಳೆ ಮನೆಗೆ ಓಯ್ತಿದ್ದೀಯ. ಇನ್ನು ನಂಗೆ ಚಿಂತಿಲ್ಲ ಕಣವ್ವ’ ಎಂದರು.