ಅಂತೆ ಕಲಿಸಿದ ಟ್ರಾನ್ಸ್‌ಫರ್

ಚಪ್ಪಲಿ ಹಿಂದೆ ಉಳಿದಿತ್ತು. ಕಾಲು ಮುಂದೆ ಬಂದಿತ್ತು.

ಎಡಗಾಲಿನ ಚಪ್ಪಲಿ. ಅಡುಗೆಮನೆಯಿಂದ ಹಿಂಬಾಗಿಲವರೆಗೆ ಬಂದು ಕೆಳಗೆ ನೋಡಿದರೆ ಬರಿಗಾಲು. ಯಾವಾಗ ಕಳಚಿತೋ ತಿಳಿಯಲಿಲ್ಲ. ಹಿಂದಕ್ಕೆ ಹೋಗಿ ಹಾಕಿಕೊಂಡೆ. ನಾಲ್ಕು ಹೆಜ್ಜೆಗೆ ಮತ್ತೆ ಕಳಚಿತು. ವಯಸ್ಸಾಯಿತು ಅಂದುಕೊಂಡು ಮೆಂತ್ಯಸೊಪ್ಪು ಬಿಡಿಸಲು ಕೂತೆ. ಎಡಗೈಯಲ್ಲಿ ಹಿಡಿದ ಕಟ್ಟು ಜಾರಿ ಜಾರಿ ಬೀಳುತ್ತಿತ್ತು. ಕೈಗೆ ಬೈದೆ.

ನಾನಿರುವುದು ಸ್ಯಾನ್ ಪೀಡ್ರೊದಲ್ಲಿ, ಮಗಳು ರತ್ನಳ ಮನೆಯಲ್ಲಿ. ಅವಳಿಗೆ ಬಂದರಿನ ಆಫೀಸಿನಲ್ಲಿ ಕೆಲಸ, ಯಾವ ಕಂಟೇನರ್ ಯಾವ ಲಾರಿಗೆ ಎಂದು ನೋಡುವುದು. ಅಳಿಯ ಬೇರೆ ಮನೆ ಮಾಡಿಕೊಂಡು ವರ್ಷಗಳಾದವು, ಆ ಮಾತು ಇಲ್ಲಿ ಬೇಡ. ಬೆಳಿಗ್ಗೆ ಎಂಟಕ್ಕೆ ಆದದ್ದನ್ನು ಅವಳಿಗೆ ಫೋನ್ ಮಾಡಿ ಹೇಳಲಿಲ್ಲ. ಸಂಜೆ ಐದಕ್ಕೆ ಬಂದವಳು ತಾನೇ ಕಂಡುಹಿಡಿದಳು.

"ಅಮ್ಮ, ನಿನ್ನ ಬಾಯಿ ಯಾಕೆ ಸೊಟ್ಟಗಿದೆ?"

ನಿನ್ನ ಕಣ್ಣು ಸೊಟ್ಟ ಎಂದೆ. ಮಾತು ಗಂಜಿಯ ಹಾಗೆ ಸುರಿಯಿತು.

ಸ್ಟ್ರೋಕ್.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಯಾವಾಗ ಶುರುವಾಯಿತು ಎಂದು ಡಾಕ್ಟರಮ್ಮ ಕೇಳಿದರು. ಬೆಳಿಗ್ಗೆ ಎಂದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆಯಂತೆ, ಅದನ್ನು ಕೆಲವೇ ಗಂಟೆಯೊಳಗೆ ಕೊಡಬೇಕಂತೆ. "ಲೇಟ್" ಎಂದರು. ಆ ಒಂದು ಮಾತು ನನಗೂ ಅರ್ಥವಾಯಿತು. ತಪ್ಪು ನನ್ನದು. ಇದನ್ನು ಓದುವವರು ಚಪ್ಪಲಿ ತಾನಾಗಿ ಕಳಚಿದರೆ ಸೊಪ್ಪು ಬಿಡಿಸುತ್ತಾ ಕೂರಬೇಡಿ. ಅದನ್ನು ಹೇಳುವುದಕ್ಕೇ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಬಲಗೈ ಉಳಿದಿದೆ. ಒತ್ತಕ್ಷರ ತಪ್ಪಿದರೆ ರತ್ನ ತಿದ್ದುತ್ತಾಳೆ. ಮಾತು ತಿದ್ದಬೇಡ ಎಂದಿದ್ದೇನೆ.

ಎಡಗೈ ಹಾಸಿಗೆಯ ಮೇಲೆ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಬಿದ್ದಿತ್ತು. ಎಡಗಾಲು ಇದೆ ಎಂದು ತಿಳಿಯಬೇಕಾದರೆ ಬಲಗಾಲಿನಿಂದ ಒದ್ದು ನೋಡಬೇಕು. ಉಚ್ಚೆಗೆ ಬೆಡ್‌ಪ್ಯಾನ್. ಹದಿನೆಂಟಕ್ಕೆ ಮದುವೆಯಾಗಿ ಬಂದಾಗಿನಿಂದ ಊರಿಗೆ ಮುಂಚೆ ಎದ್ದವಳು ನಾನು. ಈಗ ಎದ್ದು ಕೂರುವುದಕ್ಕೆ ಬೆಲ್ ಒತ್ತಿ ಕಾಯುವ ಹಾಗಾಯಿತು.

ಐದು ದಿನದ ಮೇಲೆ ರಿಹ್ಯಾಬ್ ವಾರ್ಡಿಗೆ ತಂದರು. ಅಲ್ಲಿ ಇವನು ಬಂದ.

ಆರಡಿ ದಾಟಿದ ಆಳು. ಬೋಳು ತಲೆ, ಒಂದು ಕಿವಿ ಮುರುಟಿದೆ. ನಡೆಯುವಾಗ ಬಲಗಾಲನ್ನು ಸ್ವಲ್ಪ ಎಳೆಯುತ್ತಾನೆ. ಇವನೇ ಫಿಸಿಯೋ ಎಂದರು. ತಾನೇ ಕಾಲು ಎಳೆಯುವವನು ನನಗೇನು ನಡೆಯಲು ಕಲಿಸುತ್ತಾನೆ ಎಂದು ರತ್ನಳನ್ನು ಕೇಳಿದೆ. ಅವನು ಎದೆ ಮುಟ್ಟಿಕೊಂಡು ಹೆಸರು ಹೇಳಿದ.

"ಅಂತೆ."

"ಏನಂತೆ?" ಎಂದೆ.

"ಅಂತೆ," ಎಂದ ಮತ್ತೆ.

ರತ್ನ ನಗು ನುಂಗಿಕೊಂಡಳು. "ಅವರ ಹೆಸರೇ ಅಂತೆ, ಅಮ್ಮ. ಕ್ರೊಯೇಷಿಯಾದವರಂತೆ."

ಕಣ್ಣಾರೆ ಕಾಣದ ಮಾತಿಗೆ ನಾವು ಕೊನೆಯಲ್ಲಿ ಅಂತೆ ಸೇರಿಸುತ್ತೇವೆ. ಅಂತೆಕಂತೆಯನ್ನು ನಂಬಿ ಕೆಟ್ಟವರು ಬೇಕಾದಷ್ಟು ಜನ. ಇವನಿಗೆ ಹೆತ್ತವರು ಹೆಸರೇ ಹಾಗಿಟ್ಟಿದ್ದಾರೆ. ನಂಬುವುದು ಹೇಗೆ? ನನ್ನನ್ನು ಆಂಟಿ ಎಂದು ಕರೆಯಲು ರತ್ನ ಹೇಳಿಕೊಟ್ಟಳು. ಅಂತೆ ಬರುತ್ತಿದ್ದ, ಆಂಟಿ ಎನ್ನುತ್ತಿದ್ದ.

ಮೊದಲೆರಡು ದಿನ ರತ್ನ ರಜೆ ಹಾಕಿ ಜೊತೆಗಿದ್ದಳು. ಅವನು ನನ್ನ ಕಾಲನ್ನು ಮಡಿಸುತ್ತಾ ಬಿಡಿಸುತ್ತಾ ತನ್ನ ಕಥೆ ಹೇಳಿದ. ಅವಳು ಕನ್ನಡದಲ್ಲಿ ಹೇಳಿದಳು. ಅವನು ಫುಟ್‌ಬಾಲ್ ಆಡಿದ್ದನಂತೆ. ಗೋಲಿನ ಮುಂದೆ ನಿಂತು ಎದುರಿನವರನ್ನು ತಡೆಯುವ ಕೆಲಸವಂತೆ. ಹದಿನೇಳಕ್ಕೆ ತನ್ನ ಊರಿನ ತಂಡ, ಆಮೇಲೆ ಅದೇ ದೇಶದ ಇನ್ನೊಂದು ಊರು. ಆಮೇಲೆ ಆಸ್ಟ್ರಿಯಾ. ಅಲ್ಲಿಂದ ಬೆಲ್ಜಿಯಂ, ಪೋಲೆಂಡ್, ಗ್ರೀಸ್, ಹಂಗೇರಿ, ಕೊನೆಗೆ ಸೈಪ್ರಸ್. ನನ್ನ ಕಾಲು ಹತ್ತು ಸಲ ಮಡಿಸುವಷ್ಟರಲ್ಲಿ ಒಂದು ದೇಶ ಮುಗಿಯುತ್ತಿತ್ತು. ಆಸ್ಟ್ರಿಯಾದ ಭಾಷೆ ಕಲಿಯುವುದರೊಳಗೆ ಬೆಲ್ಜಿಯಂ ಬಂತಂತೆ. ಗ್ರೀಸಿನಲ್ಲಿ ಮನೆಗೆ ಹೊಸ ಹಾಸಿಗೆ ಕೊಂಡ ವಾರವೇ ಹೊರಡಬೇಕಾಯಿತಂತೆ. ಮೊಣಕಾಲು ಹೋದ ಮೇಲೆ ಸ್ಯಾನ್ ಪೀಡ್ರೊದಲ್ಲಿ ಮೀನಿನ ದೋಣಿ ಇಟ್ಟಿದ್ದ ಚಿಕ್ಕಪ್ಪನ ಮನೆಗೆ ಬಂದು ಈ ಕೆಲಸ ಓದಿಕೊಂಡನಂತೆ.

"ಒಂದು ಕಡೆ ನಿಲ್ಲೋಕೇನಾಗಿತ್ತು ಇವನಿಗೆ?" ಎಂದೆ.

"ಟ್ರಾನ್ಸ್‌ಫರ್ ಅಮ್ಮ. ಆಟಗಾರರಿಗೆ ಟ್ರಾನ್ಸ್‌ಫರ್ ಆಗ್ತಿರುತ್ತೆ."

ಅಲ್ಲಿಗೆ ಆಸಾಮಿ ಎಂಥವನು ಎಂದು ತೀರ್ಮಾನ ಮಾಡಿಬಿಟ್ಟೆ.

ನಮ್ಮ ಯಜಮಾನರು ಕರೆಂಟ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದರು. ಟ್ರಾನ್ಸ್‌ಫರ್ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಜಿನಿಯರ್ ಮನೆಗೆ ಬಿಟ್ಟಿ ವೈರಿಂಗ್ ಮಾಡುವುದಿಲ್ಲ ಎಂದದ್ದಕ್ಕೆ ಒಂದು ಟ್ರಾನ್ಸ್‌ಫರ್. ಎದುರು ಮಾತಾಡಿದ್ದಕ್ಕೆ ಇನ್ನೊಂದು. ಆಫೀಸಿನ ಬೋರ್ಡಿಗೆ ಅಂಟಿಸಿದ ಕಾಗದ ನೋಡಿ ಬಂದು, ಪಾತ್ರೆ ಕಟ್ಟು ಎನ್ನುತ್ತಿದ್ದರು. ನಾನು ಗೋಣಿಚೀಲ ಹುಡುಕುತ್ತಿದ್ದೆ. ಹೀಗೆ ಒಂಬತ್ತು ಊರು. ಬೇಕಾದವರಿಗೆ ಟ್ರಾನ್ಸ್‌ಫರ್ ಆಗುವುದಿಲ್ಲ. ಬೇಡವಾದವರಿಗೆ ಆಗುತ್ತದೆ. ನಮ್ಮ ಯಜಮಾನರದ್ದು ಬಾಯಿಯ ತಪ್ಪು. ಇವನದ್ದು ಏನು ತಪ್ಪೋ?

ಆಡಿದ್ದಕ್ಕೆ ಫೋಟೋ ಇದೆಯಾ ಕೇಳು ಎಂದೆ. ಫೋನಿನಲ್ಲಿ ತೋರಿಸಿದ. ಬಣ್ಣದ ಅಂಗಿಯವರು ಸಾಲಾಗಿ ಬೆಂಚಿನ ಮೇಲಿದ್ದರು, ಇವನು ಕೊನೆಯಲ್ಲಿ. ಆಗ ತಲೆಯಲ್ಲಿ ಕೂದಲಿತ್ತು.

"ಕೂತಿದ್ದಾನಲ್ಲೇ. ಆಡಿದ್ದೆಲ್ಲಿ?"

ರತ್ನ ಇದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಅವನಿಗೆ ಹೇಗೋ ತಿಳಿಯಿತು. "ಮೆನಿ ಸಿಟ್ಟಿಂಗ್, ಆಂಟಿ," ಎಂದು ನಕ್ಕ.

ಮೂರನೇ ದಿನ ರತ್ನ ಕೆಲಸಕ್ಕೆ ಹೋದಳು. ಆಸ್ಪತ್ರೆಯವರು ಫೋನಿನಲ್ಲಿ ಕನ್ನಡದ ಇಂಟರ್‌ಪ್ರಿಟರನ್ನು ಹಿಡಿದುಕೊಟ್ಟರು. ಧಾರವಾಡದ ಕಡೆಯ ಹೆಂಗಸಿನ ದನಿ. ಅಂತೆ ಏನೋ ಹೇಳಿದ. ಆಕೆ ಹೇಳಿದಳು:

"ಅಜ್ಜೀ, ಈ ವಾರ ನಿಮ್ಮನ್ನ ಟ್ರಾನ್ಸ್‌ಫರ್ ಮಾಡಬೇಕಂತ್ರೀ. ವರ್ಗಾವಣೆ. ನೀವು ಸ್ವಲ್ಪ ಸಹಕಾರ ಕೊಡಬೇಕಂತ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಒಪ್ಪಿದ ಹಾಗೆ. ನಮ್ಮ ಯಜಮಾನರೂ ಕೇಳುತ್ತಿರಲಿಲ್ಲ.

ಅದೇ ಸಂಜೆ ರತ್ನ ಬಾಗಿಲಾಚೆ ನಿಂತು ತನ್ನ ಮಗಳು ಮೇಘಾಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಮೇಘಾ ಓದುವುದು ಕಾರಿನಲ್ಲಿ ಎರಡು ಗಂಟೆ ದೂರದ ಸ್ಯಾನ್ ಡಿಯಾಗೋದಲ್ಲಿ. ಅಲ್ಲಿ ಬೆಡ್ ಖಾಲಿ ಇದೆಯಾ, ನಿನ್ನ ಕಾಲೇಜಿಗೆ ಎಷ್ಟು ದೂರ ಎಂದು ರತ್ನ ಕೇಳುತ್ತಿದ್ದಳು. ನನ್ನ ಎಡಕಿವಿಗೇನೂ ಆಗಿರಲಿಲ್ಲ. ಕೊನೆಗೆ ದನಿ ಇಳಿಸಿದಳು.

"ಅಜ್ಜಿಗೆ ಈಗಲೇ ಹೇಳಬೇಡ."

ನಾನೂ ಒಂದು ತೀರ್ಮಾನಕ್ಕೆ ಬಂದೆ. ಮಾರನೇ ದಿನ ಅಂತೆ ಗಾಲಿಕುರ್ಚಿ ತಂದು ಹಾಸಿಗೆಯ ಪಕ್ಕಕ್ಕೆ ನಿಲ್ಲಿಸಿದ. ನನ್ನ ಸೊಂಟಕ್ಕೆ ಅಗಲದ ಬೆಲ್ಟು ಬಿಗಿದ. "ಟ್ರಾನ್ಸ್‌ಫರ್, ಆಂಟಿ. ವನ್, ಟೂ, ತ್ರೀ." ಕೂತರೆ ಈ ಕುರ್ಚಿಯಲ್ಲೇ ತಳ್ಳಿಕೊಂಡು ಹೋಗಿ ವ್ಯಾನಿಗೆ ಹತ್ತಿಸುತ್ತಾರೆ ಎಂದುಕೊಂಡೆ. ಮೈ ಸಡಿಲ ಬಿಟ್ಟೆ. ರಾಗಿ ಮೂಟೆಯ ಹಾಗೆ. ಅವನು ಎತ್ತಿದ, ನಾನು ಕುಸಿದೆ. ಅವನು ಬೆವರಿದ. ಹೀಗೆ ದಿನವೂ ನಡೆಯಿತು. ಹೋಗುವ ಮುಂಚೆ ಅವನು ಕಂಪ್ಯೂಟರಿನಲ್ಲಿ ಏನೋ ಬರೆಯುತ್ತಿದ್ದ. ಬರಿ, ಬರಿ ಎಂದುಕೊಳ್ಳುತ್ತಿದ್ದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಮೈಗೆ ಏಳುವ ಆಸೆಯಿತ್ತು. ಬುದ್ಧಿ ಬೇಡ ಎಂದರೂ ಮೈ ಬೇಕು ಎನ್ನುತ್ತಿತ್ತು, ಐವತ್ತು ವರ್ಷ ದುಡಿದ ಮೈ ಮಲಗಿರುವುದನ್ನು ಕಲಿತಿರಲಿಲ್ಲ. ಎಂಟನೇ ದಿನ ಮೈಮರೆತು ಬಲಗಾಲನ್ನು ನೆಲಕ್ಕೆ ಊರಿಬಿಟ್ಟೆ. ಅರೆಗಳಿಗೆ. ತಕ್ಷಣ ಸಡಿಲ ಬಿಟ್ಟೆ. ಆದರೆ ಅವನ ಕಣ್ಣು ಆಗಲೇ ನನ್ನ ಕಾಲಿನ ಮೇಲಿತ್ತು.

ಮಾರನೇ ದಿನ ಅವನು ಬೆಲ್ಟು ತರಲಿಲ್ಲ. ರತ್ನಳನ್ನು ಕರೆಸಿದ್ದ. ಸ್ಟೂಲ್ ಎಳೆದು ನನ್ನ ಎದುರು ಕೂತ.

"ಅಮ್ಮ, ನೀನು ಬೇಕೂಂತಲೇ ಏಳ್ತಿಲ್ಲ ಅಂತಾರೆ," ಎಂದಳು ರತ್ನ. "ಎದುರಿನವರ ಕಾಲು ನೋಡೋದೇ ನನ್ನ ಕೆಲಸವಾಗಿತ್ತು, ಕಾಲು ಸುಳ್ಳು ಹೇಳಿದ್ರೆ ಗೊತ್ತಾಗುತ್ತೆ ಅಂತಾರೆ."

"ಅವನಿಗೆ ಎಷ್ಟು ಸಲ ಟ್ರಾನ್ಸ್‌ಫರ್ ಆಯ್ತು, ಕೇಳು."

ಅವನು ಬೆರಳು ಮಡಿಸಿ ಏಳು ಎಂದ.

"ಅವನನ್ನ ಕೇಳಿ ಮಾಡಿದ್ರಾ?"

ಅವನು ಮಡಿಸಿದ ಬೆರಳುಗಳಲ್ಲಿ ಎರಡನ್ನು ಬಿಡಿಸಿದ. ಮೊದಲೆರಡು ಸಲ ಕೇಳಿದರಂತೆ, ಬೇಕು ಎಂದು ಕರೆದರಂತೆ. ಆಮೇಲೆ ಯಾರೂ ಕೇಳಲಿಲ್ಲ. ಬೆಲ್ಜಿಯಂನಲ್ಲಿ ಒಂದು ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಗೆ ಹೋದರೆ ಅವನ ಬೀರುವಿನ ಮೇಲೆ ಬೇರೆಯವನ ಹೆಸರು ಅಂಟಿಸಿತ್ತಂತೆ. ಅವನ ಬೂಟುಗಳು ಪ್ಲಾಸ್ಟಿಕ್ ಚೀಲದಲ್ಲಿ ನೆಲದ ಮೇಲಿದ್ದವಂತೆ.

ನನಗೆ ಬೋರ್ಡು ನೋಡಿ ಬರುತ್ತಿದ್ದ ನಮ್ಮ ಯಜಮಾನರ ಮುಖ ಕಂಡಿತು.

"ಹಾಗಾದ್ರೆ ನನ್ನನ್ನೂ ಕೇಳಿ ಮಾಡಿ ಅಂತ ಹೇಳು," ಎಂದೆ. "ಸ್ಯಾನ್ ಡಿಯಾಗೋಗೆ ಟ್ರಾನ್ಸ್‌ಫರ್ ಮಾಡೋಕೆ ಮುಂಚೆ."

ರತ್ನಳ ಮುಖ ಸುಣ್ಣದ ಹಾಗಾಯಿತು. ಅವನಿಗೆ ನನ್ನ ಮಾತಿನಲ್ಲಿ ಎರಡೇ ಪದ ತಿಳಿದಿರಬೇಕು. ಹಾಸಿಗೆಯನ್ನು ತಟ್ಟಿದ, ಕುರ್ಚಿಯನ್ನು ತಟ್ಟಿದ.

"ಟ್ರಾನ್ಸ್‌ಫರ್, ಆಂಟಿ. ಹಿಯರ್ ಟು ಹಿಯರ್."

ಎರಡು ಅಡಿ.

ಹಾಸಿಗೆಯಿಂದ ಕುರ್ಚಿಗೆ ಹೋಗುವುದನ್ನು ಇವರು ಟ್ರಾನ್ಸ್‌ಫರ್ ಎನ್ನುತ್ತಾರೆ. ಆಮೇಲೆ ರತ್ನ ಕೂತು ಎಲ್ಲ ಹೇಳಿದಳು. ಒಬ್ಬರ ಸಹಾಯದಲ್ಲಿ ಕುರ್ಚಿಗೆ ಹೋಗಬಲ್ಲವರನ್ನು ಮನೆಗೆ ಕಳಿಸುತ್ತಾರೆ. ಆಗದವರನ್ನು ನರ್ಸಿಂಗ್ ಹೋಮಿಗೆ. ಮನೆಯಲ್ಲಿ ಇರುವವಳು ಅವಳೊಬ್ಬಳೇ, ನನ್ನನ್ನು ಎತ್ತಲು ಅವಳಿಂದ ಆಗುವುದಿಲ್ಲ. ಅದಕ್ಕೇ ಮೇಘಾಳ ಹತ್ತಿರ ಒಂದು ಜಾಗ ವಿಚಾರಿಸಿದ್ದಳು. ಶುಕ್ರವಾರ ಡಾಕ್ಟರ ಮೀಟಿಂಗ್.

"ನೀನು ಒಂದೇ ಒಂದ್ಸಲ ಎದ್ದು ಕೂತಿದ್ರೆ ನಾನು ಆ ಫೋನ್ ಮಾಡ್ತಾನೇ ಇರ್ಲಿಲ್ಲ ಕಣಮ್ಮ."

ಟ್ರಾನ್ಸ್‌ಫರ್ ತಪ್ಪಿಸಿಕೊಳ್ಳಲು ಹೋಗಿ ಟ್ರಾನ್ಸ್‌ಫರ್ ತಂದುಕೊಂಡಿದ್ದೆ. ಬೇರೆ ಯಾರನ್ನು ಬೈಯಲಿ?

ನಾಲ್ಕು ದಿನ ಉಳಿದಿತ್ತು. ಅಂತೆ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಬಂದ. ಏಳುವುದಕ್ಕೆ ಒಂದು ಕ್ರಮವಿದೆ. ಮೂಗು ಮುಂದೆ ಬರಬೇಕು, ಕಾಲ್ಬೆರಳಿನ ನೇರಕ್ಕೆ. ಹಿಂದಕ್ಕೆ ವಾಲಿದರೆ ಬಿದ್ದ ಹಾಗೆ. ಬೀಸುವ ಕಲ್ಲಿನ ಮುಂದೆ ಬಗ್ಗುವ ಹಾಗೆ ಬಗ್ಗಬೇಕು ಎಂದು ನಾನು ಅರ್ಥ ಮಾಡಿಕೊಂಡೆ. ಬಲಗೈಯನ್ನು ಊರಿ, ಮೂಗು ಮುಂದೆ ಚಾಚಿ, ಎದ್ದು, ತಿರುಗಿ, ಕೂರುವುದು. ಗುರುವಾರ ಒಂದು ಸಲ ಕೂತೆ. ಶುಕ್ರವಾರ ಬೆಳಿಗ್ಗೆ ಮೂರು ಸಲ ಎದ್ದರೆ ಒಂದು ಸಲ.

ಸಾಲದು ಎಂದರು. ಸ್ಯಾನ್ ಡಿಯಾಗೋದಲ್ಲಿ ಆರು ವಾರ.

ಮೀಟಿಂಗಿನಲ್ಲಿ ಅಂತೆ ನನ್ನ ಪರವಾಗಿ ವಾದ ಮಾಡಿದನಂತೆ. ಆ ಕೋಣೆಯಲ್ಲಿ ನಾನಿರಲಿಲ್ಲ. ಹೊರಡುವ ದಿನ ಬಂದು ಒಂದು ಮಾತು ಹೇಳಿದ, ರತ್ನಳೇ ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಏಳು ಸಲ ಹೋದರೂ ವಾಪಸ್ ಬರುವ ತಾರೀಖನ್ನು ತಾನು ಯಾರನ್ನೂ ಕೇಳಲಿಲ್ಲವಂತೆ. ಒಂದು ಕಡೆಗೂ ವಾಪಸ್ ಹೋಗಲಿಲ್ಲವಂತೆ. ನೀವು ತಾರೀಖು ಕೇಳಿ ಎಂದ.

ಕೇಳಿದೆ. ಬಾಯಿಮಾತು ಬೇಡ, ಕನ್ನಡದಲ್ಲಿ ಬರೆದು ಸಹಿ ಮಾಡು ಎಂದೆ. ರತ್ನ ಅಳುತ್ತಾ ಸಹಿ ಮಾಡಿದಳು. ಕಾಗದ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡೆ.

ಸ್ಯಾನ್ ಡಿಯಾಗೋದ ಆ ಜಾಗದ ಬಗ್ಗೆ ಕೆಟ್ಟದ್ದು ಹೇಳಲಾರೆ, ಒಳ್ಳೆಯದೂ ಹೆಚ್ಚಿಗಿಲ್ಲ. ಅನ್ನ ಅಂಟಂಟು. ಪಕ್ಕದ ಹಾಸಿಗೆಯ ಮುದುಕಿ ಸ್ಪ್ಯಾನಿಷಿನಲ್ಲಿ ಬೈಯುತ್ತಿದ್ದಳು, ನಾನು ಕನ್ನಡದಲ್ಲಿ. ಇಬ್ಬರಿಗೂ ಹಗುರವಾಗುತ್ತಿತ್ತು. ಮೇಘಾ ಕಾಲೇಜು ಮುಗಿಸಿ ಡಬ್ಬಿಯಲ್ಲಿ ಮೊಸರನ್ನ ತರುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಅಷ್ಟು ದಿನ ಅವಳ ಜೊತೆ ಕೂತದ್ದು ಅದೇ ಮೊದಲು.

ಆ ಫಿಸಿಯೋ ನಿಜವಾಗಿ ಆಡಿದ್ದನೋ ಇಲ್ಲವೋ ಹುಡುಕು ಎಂದು ಅವಳಿಗೆ ಹೇಳಿದ್ದೆ. ಎರಡು ವಾರ ಹುಡುಕಿ ಒಂದು ವಿಡಿಯೋ ತಂದಳು. ಪೋಲೆಂಡಿನದು. ಮೈದಾನದ ಅಂಚಿನಲ್ಲಿ ಹಿಮ ಗುಡ್ಡೆಯಾಗಿತ್ತು. ಮುಖಗಳು ಕಾಣುವುದಿಲ್ಲ, ಎಲ್ಲ ಇರುವೆಯ ಹಾಗೆ. ಒಬ್ಬ ಚೆಂಡು ತಳ್ಳಿಕೊಂಡು ಗೋಲಿನ ಹತ್ತಿರ ಬಂದ. ಇನ್ನೊಬ್ಬ ಪಕ್ಕದಿಂದ ಬಂದು ಕಾಲು ಚಾಚಿ ನೆಲದ ಮೇಲೆ ಜಾರಿದ. ಚೆಂಡು ಹೊರಗೆ ಹೋಯಿತು. ಬಿದ್ದವನು ಬಲಗೈ ಊರಿದ, ಮೂಗು ಮುಂದೆ ಚಾಚಿದ, ಎದ್ದ.

"ಅಜ್ಜಿ, ಐ ಥಿಂಕ್ ದಟ್ಸ್ ಹಿಮ್," ಎಂದಳು ಮೇಘಾ.

"ಅವನೇ," ಎಂದೆ. ಮುಖ ನೋಡಬೇಕಾಗಿರಲಿಲ್ಲ.

ಆರು ವಾರ ಏಳಾಯಿತು. ರತ್ನ ಬಂದಾಗ ಮೊದಲು ಕಾಗದ ತೋರಿಸಿದೆ. ಬಾತ್‌ರೂಮಿಗೆ ಹಿಡಿಕೆ ಹಾಕಿಸುವುದು ತಡವಾಯಿತು ಎಂದಳು. ಮನೆಗೆ ಬಂದು ನೋಡಿದೆ, ಹಿಡಿಕೆ ಇತ್ತು. ಕಡ್ಡಿಯಿಂದ ಕೆರೆದರೆ ಸಿಮೆಂಟ್ ಇನ್ನೂ ಹಸಿಯಿತ್ತು.

ಈಗ ಕೋಲು ಹಿಡಿದು ನಡೆಯುತ್ತೇನೆ. ಎಡ ಚಪ್ಪಲಿಗೆ ಹಿಂದಿನಿಂದ ಎಲಾಸ್ಟಿಕ್ ಹೊಲಿದಿದೆ. ಎಡಗೈ ಸೊಪ್ಪಿನ ಕಟ್ಟನ್ನು ಹಿಡಿಯುತ್ತದೆ, ಬಿಡಿಸುವುದಿಲ್ಲ. ಇನ್ನು ಇಷ್ಟೇ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆಗಲಿ. ಬೆಳಿಗ್ಗೆ ಬೆಲ್ ಒತ್ತದೆ, ಮೂಗು ಮುಂದೆ ಚಾಚಿ, ನಾನೇ ಏಳುತ್ತೇನೆ. ದೊಡ್ಡದು ಎಂದರೆ ಅದು.

ಮೇಲೆ ಒಂದು ಕಡೆ, ಅವನು ಫುಟ್‌ಬಾಲ್ ಆಡಿದ್ದನಂತೆ ಎಂದು ಬರೆದಿದ್ದೇನೆ. ತಿದ್ದಲಾ ಎಂದು ರತ್ನ ಕೇಳಿದಳು. ಬೇಡ, ಆಗ ನನಗೆ ಗೊತ್ತಿರಲಿಲ್ಲ. ಇಲ್ಲಿ ಸರಿಯಾಗಿ ಬರೆಯುತ್ತೇನೆ. ಅವನು ಆಡಿದ್ದ.

ರತ್ನ ಇನ್ನು ಮುಂದೆ ನನ್ನನ್ನು ಎಲ್ಲಿಗೂ ಕಳಿಸುವುದಿಲ್ಲವಂತೆ.

ಇದನ್ನು ಓದಿ ಅವಳು ಪೆನ್ನು ಎತ್ತಿದಳು, ಮತ್ತೆ ಕೆಳಗಿಟ್ಟಳು. ಕೊನೆಯ ಅಂತೆಯನ್ನು ಅಳಿಸಲಿಲ್ಲ.